ನಿಮಗಿದು ಗೊತ್ತೆ? ಗಾಳದ ಕೋಲಿನ ಉಂಗುರದ ಲೆಕ್ಕ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಗಾಳ ಎಂದರೆ ಬಿದಿರಿನ ಇಲ್ಲವೇ ವಾಟೆಯ ಕೋಲು, ಅದರ ತುದಿಗೆ ಕಟ್ಟಿದ ತಂಗೂಸಿ. ಅದಕ್ಕೆ ಉಂಗುರ ಬೇಕಿಲ್ಲ. ಬುಡದಲ್ಲಿ ರೀಲು ಕೂತಾಗ ಮಾತ್ರ ದಾರವನ್ನು ತುದಿಯವರೆಗೆ ಒಯ್ಯುವ ‘ಗೈಡ್’ ಉಂಗುರಗಳು ಬೇಕು.

ಗರಿ ಸುತ್ತಿದ ಹಗುರ ಕೊಕ್ಕೆ ಎಸೆಯುವ ಫ್ಲೈ ರಾಡ್‌ನಲ್ಲಿ ಇವುಗಳ ಆಯ್ಕೆಯೇ ಮುಖ್ಯ. ಅಲ್ಲಿ ಭಾರ ಇರುವುದು ಕೊಕ್ಕೆಯಲ್ಲಲ್ಲ, ದಾರದಲ್ಲಿ. ಭಾರದ ಉಂಗುರ ಹಾಕಿದರೆ ಕೋಲಿನ ಪುಟಿತ ಸತ್ತಂತೆ. ಆದ್ದರಿಂದ ಹಾವಿನಂತೆ ತಿರುಚಿದ ತೆಳು ತಂತಿಯ ‘ಸ್ನೇಕ್ ಗೈಡ್’ ಬಳಸುತ್ತಾರೆ. ಕೈಗೆ ಹತ್ತಿರದ ಒಂದೆರಡು ಮಾತ್ರ ದೊಡ್ಡವು, ಸಾಮಾನ್ಯವಾಗಿ ಒಳಗೆ ಸೆರಾಮಿಕ್ ಬಳೆ ಇರುವಂಥವು. ಸ್ಥೂಲ ಲೆಕ್ಕ: ಅಡಿಗೊಂದು ಉಂಗುರ, ಮೇಲೊಂದು. 9 ಅಡಿಯ ಕೋಲಿಗೆ ಸುಮಾರು 10. ತುದಿಯತ್ತ ಹೋದಂತೆ ಅಂತರ ಕಿರಿದಾಗಬೇಕು. ಕಡಿಮೆ ಹಾಕಿದರೆ ಬಾಗಿದ ಕೋಲಿನಿಂದ ದಾರ ದೂರ ಸರಿದು ಎಳೆತವೆಲ್ಲ ಒಂದೇ ಕಡೆ ಬೀಳುತ್ತದೆ.

ಹಳೆಯ ಕೋಲು ರಿಪೇರಿಗೆ ಬಂದರೆ ಮೊದಲು ಉಂಗುರದೊಳಗೆ ಹತ್ತಿ ಎಳೆದು ನೋಡಿ. ಎಳೆ ಸಿಕ್ಕಿಕೊಂಡರೆ ಗೀರು ಬಿದ್ದಿದೆ, ದಾರ ಕೊಯ್ಯುತ್ತದೆ, ಬದಲಿಸಲೇಬೇಕು. ಹೊಸದರ ಪಾದವನ್ನು ಅರದಿಂದ ಉಜ್ಜಿ ನಯ ಮಾಡಿ, ನೂಲು ಸುತ್ತಿ, ವಾರ್ನಿಷ್ ಬಳಿಯಿರಿ.



ಕೋಲು ಎಷ್ಟೇ ಚೆಂದವಿರಲಿ, ತೀರ್ಥಹಳ್ಳಿ ತಾಲ್ಲೂಕಿನ ಶಿಬ್ಬಲಗುಡ್ಡೆಯ ಮತ್ಸ್ಯಧಾಮದ ಬಳಿ ಅದನ್ನು ಬಿಚ್ಚಬೇಡಿ. ತುಂಗೆಯ ಆ ಮಡುವಿನಲ್ಲಿ ಮೀನು ಹಿಡಿಯುವಂತಿಲ್ಲ.