ನಿಮಗಿದು ಗೊತ್ತೇ? ದಿರ್ಹಮ್ ಸಂಬಳ, ಡಾಲರ್ ಲೆಕ್ಕ

3.6725. ಒಂದು ಡಾಲರ್‌ಗೆ ಇಷ್ಟು ದಿರ್ಹಮ್ ಎಂದು ಯುಎಇ 1997ರ ನವೆಂಬರ್‌ನಲ್ಲಿ ಗಟ್ಟಿ ಮಾಡಿದ ದರ. 2008ರ ಕುಸಿತಕ್ಕೂ ಅದು ಜಗ್ಗಲಿಲ್ಲ, ಕೋವಿಡ್‌ಗೂ ಇಲ್ಲ.

ಆದರೆ ದುಬೈನ ಮಿರ್ದಿಫ್ ಸಿಟಿ ಸೆಂಟರ್‌ನ ಎಕ್ಸ್‌ಚೇಂಜ್‌ಗೆ ಹೋಗಿ ಇದೇ ದರಕ್ಕೆ ಡಾಲರ್ ನೋಟು ಕೇಳಿ ನೋಡಿ, ಕೊಡುವುದಿಲ್ಲ! ಕೌಂಟರ್‌ನಲ್ಲಿ ಕೊಳ್ಳುವ ದರ ಬೇರೆ, ಮಾರುವ ದರ ಬೇರೆ. 3.685ರಂತೆ 10,000 ಡಾಲರ್ ಕೊಂಡು, ಪ್ರಯಾಣ ರದ್ದಾಗಿ 3.66ರಂತೆ ವಾಪಸ್ ಮಾರಿದಿರಿ ಎನ್ನೋಣ. 36,850 ಕೊಟ್ಟು 36,600 ಪಡೆದಂತಾಯಿತು. ದರ ಒಂದು ಫಿಲ್ಸ್ ಕೂಡ ಅಲುಗಾಡದೆ 250 ದಿರ್ಹಮ್ ಖೋತಾ. ಏರಿಳಿತದ ಭಯವೇ ಇಲ್ಲದ ವ್ಯಾಪಾರವಾದ್ದರಿಂದ ದೊಡ್ಡ ಮೊತ್ತಕ್ಕೆ ಚೌಕಾಸಿ ಮಾಡಲು ಸಂಕೋಚ ಬೇಡ.

ಮಗಳ ಕಾಲೇಜು ಫೀಸು ಅಮೆರಿಕಕ್ಕೆ ಕಳಿಸುತ್ತೀರಾ? ದಾರಿಯಲ್ಲಿ ಸಿಗುವ ಮಧ್ಯವರ್ತಿ ಬ್ಯಾಂಕೂ ಕೈಹಾಕಬಹುದು. ಫಾರಂನಲ್ಲಿ ‘ಅವರ್’ ಎಂದು ಗುರುತು ಹಾಕಿದರೆ ಶುಲ್ಕವೆಲ್ಲ ಕಳಿಸುವವರ ತಲೆಗೆ, ‘ಬೆನ್’ ಎಂದರೆ ಪಡೆಯುವವರ ತಲೆಗೆ. ಕಾಲೇಜು ಪೂರ್ತಿ ಮೊತ್ತವನ್ನೇ ಕೇಳಿದ್ದರೆ ಮೊದಲನೆಯದೇ ವಾಸಿ. ಕಾರ್ಡ್ ಉಜ್ಜಿ ಕಟ್ಟುವವರು ವಿದೇಶಿ ವಹಿವಾಟಿನ ಶುಲ್ಕ ನೋಡಿಕೊಳ್ಳಿ: ಅದು ಶೇ 3 ಇದ್ದರೆ ಡಾಲರ್ ಬಿದ್ದದ್ದು ಸುಮಾರು 3.78ಕ್ಕೆ.

ಊರಿಗೆ ಕಳಿಸುವವರ ಪ್ರಶ್ನೆ ಒಂದೇ, ‘ಇವತ್ತು ರೇಟ್ ಎಷ್ಟು?’ ಉತ್ತರಕ್ಕೆ ಎಕ್ಸ್‌ಚೇಂಜ್‌ಗೆ ಫೋನ್ ಮಾಡಬೇಕಿಲ್ಲ. ಡಾಲರ್‌ನ ರೂಪಾಯಿ ದರವನ್ನು 3.6725ರಿಂದ ಭಾಗಿಸಿದರೆ ಮುಗಿಯಿತು. 2013ರ ಮೇ ಆರಂಭದಲ್ಲಿ ಡಾಲರ್ 54 ರೂಪಾಯಿಯ ಆಸುಪಾಸಿನಲ್ಲಿತ್ತು, ದಿರ್ಹಮ್‌ಗೆ 14.70. ಆಗಸ್ಟ್ 28ರಂದು ಡಾಲರ್ 68 ದಾಟಿತು, ದಿರ್ಹಮ್ 18.50ನ್ನೂ ದಾಟಿತು. ಅಲ್ಲಿ ದಿರ್ಹಮ್ ಮಾಡಿದ್ದೇನೂ ಇಲ್ಲ, ಬಿದ್ದದ್ದು ನಮ್ಮ ರೂಪಾಯಿ.

ಮಂಗಳೂರಿನ ಬ್ಯಾಂಕಿನಲ್ಲಿ ಡಾಲರ್‌ನಲ್ಲೇ ಎಫ್‌ಸಿಎನ್‌ಆರ್ (ಅನಿವಾಸಿಗಳ ವಿದೇಶಿ ಕರೆನ್ಸಿ) ಠೇವಣಿ ಇಡಬಹುದು, 1ರಿಂದ 5 ವರ್ಷಕ್ಕೆ. ದಿರ್ಹಮ್ ಸಂಬಳದವರಿಗೆ ಇದರಲ್ಲಿ ವಿನಿಮಯದ ತಲೆನೋವು ಕಡಿಮೆ. ಲಂಡನ್ ಕನ್ನಡಿಗರಿಗೆ ಡಾಲರ್ ಠೇವಣಿಯಲ್ಲಿ ಈ ಅನುಕೂಲವಿಲ್ಲ.

ಅಮೆರಿಕದ ಫೆಡರಲ್ ರಿಸರ್ವ್ ಬಡ್ಡಿ ಬದಲಿಸಿದರೆ ಯುಎಇ ಸೆಂಟ್ರಲ್ ಬ್ಯಾಂಕ್ ಸಾಮಾನ್ಯವಾಗಿ ಕೂಡಲೇ ಹಿಂಬಾಲಿಸುತ್ತದೆ. ವಾಷಿಂಗ್ಟನ್‌ನಲ್ಲಿ ಮಧ್ಯಾಹ್ನ, ಮಿರ್ದಿಫ್‌ನಲ್ಲಿ ರಾತ್ರಿ ಊಟ ಮುಗಿದ ಹೊತ್ತು. ವಿಲ್ಲಾ ಸಾಲದ ಕಂತಿಗೂ ಅದರ ಬಿಸಿ ತಟ್ಟುತ್ತದೆ. ದರ ಕಟ್ಟಿಹಾಕಿಕೊಂಡ ಮೇಲೆ ಬಡ್ಡಿಯಲ್ಲಿ ಸ್ವಂತ ದಾರಿ ಹಿಡಿಯುವುದು ಕಷ್ಟ.

ಇನ್ನು ಹಳೆಯ ಕಥೆ, ಇದೇ ನನಗೆ ಎಲ್ಲಕ್ಕಿಂತ ರುಚಿ. ಒಂದು ಕಾಲಕ್ಕೆ ದುಬೈನಲ್ಲಿ ಓಡುತ್ತಿದ್ದದ್ದು ಭಾರತದ ರೂಪಾಯಿಯೇ. ಚಿನ್ನದ ಕಳ್ಳಸಾಗಣೆಯಿಂದ ವಿದೇಶಿ ವಿನಿಮಯ ಸೋರತೊಡಗಿದಾಗ 1959ರಲ್ಲಿ ರಿಸರ್ವ್ ಬ್ಯಾಂಕ್ ಗಲ್ಫ್‌ಗೆಂದೇ ಬೇರೆ ಬಣ್ಣದ ನೋಟು ಅಚ್ಚುಹಾಕಿಸಿತು, ಸಂಖ್ಯೆಗೆ ‘ಝಡ್’ ಅಕ್ಷರ ಸೇರಿಸಿ. ಬೆಲೆ ಮಾತ್ರ ಒಂದಕ್ಕೊಂದು. 1966ರ ಜೂನ್ 6ರಂದು ಡಾಲರ್ 4.76ರಿಂದ 7.50 ರೂಪಾಯಿಗೆ ಏರುವಂತೆ ಭಾರತ ಅಪಮೌಲ್ಯ ಮಾಡಿದ್ದೇ ತಡ, ದುಬೈ ಕೈತೊಳೆದುಕೊಂಡಿತು. ಕೆಲಕಾಲ ಸೌದಿ ರಿಯಾಲ್, ಆಮೇಲೆ ಕತಾರ್-ದುಬೈ ರಿಯಾಲ್, 1973ರ ಮೇ 19ರಿಂದ ದಿರ್ಹಮ್.

ರೂಪಾಯಿಗೆ ಜೋತುಬಿದ್ದವರು ಈಗಲೂ ಇದ್ದಾರೆ. ಭೂತಾನ್‌ನ ನುಲ್ಟ್ರಮ್ ಒಂದಕ್ಕೊಂದು. ನೇಪಾಳದ್ದು 1993ರಿಂದ ನಮ್ಮ ಒಂದಕ್ಕೆ 1.60. ಎಕ್ಸ್‌ಚೇಂಜ್‌ನ ಬೋರ್ಡಿನಲ್ಲಿ ಭಾರತದ ರೇಟ್ ಏರಿದ ದಿನ ನೇಪಾಳದ್ದೂ ಏರಿರುತ್ತದೆ, 1.6ರಿಂದ ಗುಣಿಸಿ ನೋಡಿ, ಹೆಚ್ಚುಕಮ್ಮಿ ಸರಿಹೋಗುತ್ತದೆ.