ಸಹಿ ಹಾಕದ ಎಂಜಿನಿಯರ್‌ಗೆ ರಕ್ಷಣೆ ಎಲ್ಲಿದೆ?

ಎಂಜಿನಿಯರ್‌ನ ವೃತ್ತಿನಿಷ್ಠೆ ಒರೆಗೆ ಹತ್ತುವುದು ಹೆಚ್ಚಾಗಿ ಸಹಿ ಹಾಕುವ ಹೊತ್ತಿನಲ್ಲಿ. ಇಲಾಖೆಯವರು ಎಂ.ಬಿ. ಎನ್ನುವ ಅಳತೆ ಪುಸ್ತಕದಲ್ಲಿ ಕಾಮಗಾರಿಯ ಉದ್ದ, ಅಗಲ, ದಪ್ಪ ದಾಖಲಾಗಿ ಸಹಿ ಬೀಳದೆ ಗುತ್ತಿಗೆದಾರರ ಬಿಲ್ ಪಾಸಾಗುವುದಿಲ್ಲ. ಕಾಂಕ್ರೀಟು ತೆಳುವಾಗಿದೆ ಎಂದು ಕಿರಿಯ ಎಂಜಿನಿಯರ್ ಪೆನ್ನು ಕೆಳಗಿಟ್ಟರೆ ಮೇಲಿನವರ ಫೋನು ಬರಬಹುದು, ವರ್ಗಾವಣೆ ಆಗಬಹುದು. ಜೀವವೇ ಹೋದದ್ದೂ ಉಂಟು.

ಕೆಜಿಎಫ್‌ನ ಮಂಜುನಾಥ್ ಷಣ್ಮುಗಂ ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿ, ಲಖನೌ ಐಐಎಂ ಮುಗಿಸಿ, ಇಂಡಿಯನ್ ಆಯಿಲ್‌ನಲ್ಲಿ ಮಾರಾಟ ಅಧಿಕಾರಿಯಾದವರು. ಉತ್ತರ ಪ್ರದೇಶದ ಲಖೀಂಪುರ ಖೇರಿ ಜಿಲ್ಲೆಯಲ್ಲಿ ಕಲಬೆರಕೆ ಇಂಧನ ಮಾರುತ್ತಿದ್ದ ಪೆಟ್ರೋಲ್ ಬಂಕಿನ ಮೇಲೆ ಅವರು ಕ್ರಮಕ್ಕಿಳಿದರು. 2005ರ ನವೆಂಬರ್ 19ರಂದು ಅವರನ್ನು ಗುಂಡಿಟ್ಟು ಕೊಂದರು. ಆಗ ವಯಸ್ಸು 27. ಅಪರಾಧಿಗಳ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 2015ರಲ್ಲಿ ಎತ್ತಿಹಿಡಿಯಿತು. ಶಿಕ್ಷೆಯೇನೋ ಆಯಿತು, ಆದರೆ ಶಿಕ್ಷೆಗೂ ರಕ್ಷಣೆಗೂ ಅಜಗಜಾಂತರ.

ಮಂಜುನಾಥ್ ಕೊಲೆಗೆ ಎರಡು ವರ್ಷ ಮೊದಲು ಹೆದ್ದಾರಿ ಪ್ರಾಧಿಕಾರದ ಎಂಜಿನಿಯರ್ ಸತ್ಯೇಂದ್ರ ದುಬೆ ಗಯಾದಲ್ಲಿ ಕೊಲೆಯಾಗಿದ್ದರು. ಸುವರ್ಣ ಚತುಷ್ಪಥದ ಕಾಮಗಾರಿಯ ಅಕ್ರಮ ಕುರಿತು ಪ್ರಧಾನಿಗೆ ಪತ್ರ ಬರೆದು, ಹೆಸರು ಗುಟ್ಟಾಗಿರಲಿ ಎಂದು ಅವರು ಕೋರಿದ್ದರು. ಆದರೂ ಪತ್ರ ಹೆಸರಿನ ಸಮೇತ ಕಚೇರಿಯಿಂದ ಕಚೇರಿಗೆ ಅಲೆಯಿತು. ಕೊಲೆಗೆ ದರೋಡೆಯೇ ಕಾರಣ ಎಂದು ಸಿಬಿಐ ಹೇಳಿತು. ಗುಟ್ಟು ಬಯಲು ಮಾಡಿದ ತಪ್ಪು ಅದರಿಂದ ತೊಳೆದುಹೋಗುವುದಿಲ್ಲ.

ಈ ಪ್ರಕರಣದ ಬೆನ್ನಿಗೇ ಸುಪ್ರೀಂ ಕೋರ್ಟ್ ಒತ್ತಾಯಿಸಿದ್ದರಿಂದ ಕೇಂದ್ರ ಸರ್ಕಾರ 2004ರ ಏಪ್ರಿಲ್‌ನಲ್ಲಿ ಒಂದು ನಿರ್ಣಯ ಹೊರಡಿಸಿತು. ಅದರಂತೆ ದೂರನ್ನು ಮುಚ್ಚಿದ ಲಕೋಟೆಯಲ್ಲಿಟ್ಟು ಕೇಂದ್ರ ಜಾಗೃತ ಆಯೋಗಕ್ಕೆ ಕಳುಹಿಸಬೇಕು. ಹೆಸರು, ವಿಳಾಸ ಲಕೋಟೆಯ ಒಳಗಿರಬೇಕು. ಅನಾಮಧೇಯ ಅರ್ಜಿಗೆ ಬೆಲೆಯಿಲ್ಲ. ದೂರುದಾರರ ಗುರುತನ್ನು ಆಯೋಗ ಕಾಯಬೇಕು, ಅಪಾಯವಿದ್ದರೆ ಪೊಲೀಸ್ ರಕ್ಷಣೆ ಕೊಡಿಸಬಹುದು. ಆದರೆ ಈ ವ್ಯವಸ್ಥೆ ಕೇಂದ್ರ ಸರ್ಕಾರ ಮತ್ತು ಅದರ ಉದ್ದಿಮೆಗಳಿಗಷ್ಟೇ. ಕೊಪ್ಪಳದ ಲೋಕೋಪಯೋಗಿ ಇಲಾಖೆಯ ಎಂಜಿನಿಯರ್ ಹೋಗಬೇಕಾದದ್ದು ಲೋಕಾಯುಕ್ತದ ಬಾಗಿಲಿಗೆ, ಅದೂ ಪ್ರಮಾಣಪತ್ರದೊಂದಿಗೆ.

ರಾಜ್ಯಗಳ ನೌಕರರನ್ನೂ ಒಳಗೊಳ್ಳುವ ಮಾಹಿತಿದಾರರ ರಕ್ಷಣಾ ಕಾಯ್ದೆಗೆ 2014ರ ಮೇ 9ರಂದೇ ರಾಷ್ಟ್ರಪತಿಗಳ ಅಂಕಿತ ಬಿತ್ತು. ಜಾರಿಗೆ ಬೇಕಾದ ಅಧಿಸೂಚನೆ ಮಾತ್ರ ಹೊರಡಲಿಲ್ಲ. ಮರುವರ್ಷ ಅದನ್ನು ಸಡಿಲಗೊಳಿಸಲು ಹೊರಟ ತಿದ್ದುಪಡಿ ಮಸೂದೆಯೂ ಅರ್ಧದಾರಿಯಲ್ಲೇ ಬಿದ್ದುಹೋಯಿತು.

ಕೊಪ್ಪಳ ಜಿಲ್ಲೆಯ ಹಿಟ್ನಾಳದ ಸುತ್ತಿನ ರೈತರಿಗೆ ಇದು ದಿಲ್ಲಿಯ ಮಾತಲ್ಲ. ಪಕ್ಕದ ಮುನಿರಾಬಾದಿನಲ್ಲಿ 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದು ಚೈನು ತುಂಡಾಗಿ ಕೊಚ್ಚಿಹೋದಾಗ, ಕೂಡಿಟ್ಟ ನೀರು ಕಣ್ಣೆದುರೇ ಹರಿದುಹೋಯಿತು. ಇಂಥ ಕಡೆ ಚೈನು ಸವೆದಿದೆ, ಬೆಸುಗೆ ಬಿಟ್ಟಿದೆ ಎಂದು ಬರೆಯುವ ಎಂಜಿನಿಯರ್‌ಗೆ ಭಯವಿರಬಾರದು. ಕೇಂದ್ರದ ಕಾಯ್ದೆ ಜಾರಿಯಾಗುವತನಕ ಕಾಯದೆ ರಾಜ್ಯವೇ ತನ್ನ ನೌಕರರಿಗೆ ಇಂಥ ಮುಚ್ಚಿದ ಲಕೋಟೆಯ ವ್ಯವಸ್ಥೆ ಮಾಡಿಕೊಡಬೇಕು.