ಚಳಿಗಾಲದ ಸೊಳ್ಳೆಯೂ ಆನೆಕಾಲು ರೋಗವೂ

ಮಳೆಗಾಲ ಮುಗಿಯಿತು, ಇನ್ನು ಸೊಳ್ಳೆಗಳ ಕಾಟವೂ ಮುಗಿಯುವುದು ಎಂಬ ಭಾವನೆ ನಮ್ಮ ಜನರಲ್ಲಿ ಸಾಮಾನ್ಯವಾಗಿದೆ. ಹಿಮ ಬೀಳುವ ದೇಶಗಳಲ್ಲಿ ಕೂಡ ಈ ಮಾತು ಪೂರ್ತಿ ನಿಜವಲ್ಲ. ಅಲ್ಲಿಯ ಕ್ಯೂಲೆಕ್ಸ್ ಪಿಪಿಯೆನ್ಸ್ ಎಂಬ ಜಾತಿಯ ಹೆಣ್ಣುಸೊಳ್ಳೆಯು ಮೈಯಲ್ಲಿ ಕೊಬ್ಬನ್ನು ಶೇಖರಿಸಿಕೊಂಡು ನೆಲಮನೆಗಳಲ್ಲಿಯೂ ಗುಹೆಗಳಲ್ಲಿಯೂ ಅಡಗಿ, ಚಳಿಗಾಲವನ್ನು ಉಪವಾಸದಿಂದ ಕಳೆಯುತ್ತದೆ. ನಮ್ಮ ನಾಡಿನ ಸೊಳ್ಳೆಗೆ ಆ ಉಪವಾಸವೂ ಬೇಕಿಲ್ಲ.

ಯಾದಗಿರಿ ಜಿಲ್ಲೆಯ ಸುರಪುರ ಸೀಮೆಗೆ ಸೇರಿದ ಕೊಡೇಕಲ್ಲನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಜನವರಿಯಲ್ಲಿ ಅಲ್ಲಿ ಬೆಳಗಿನ ಜಾವ ಮೈ ನಡುಗಿದರೂ ಮಧ್ಯಾಹ್ನದ ಉಷ್ಣತೆಯು ಸೆಲ್ಸಿಯಸ್ ಮಾಪನದ 30 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಸೊಳ್ಳೆಯ ಮರಿಹುಳು ಬೆಳೆಯಲು ಇಷ್ಟು ಬಿಸಿ ಸಾಕು. ಬೆಚ್ಚನೆಯ ದಿನಗಳಲ್ಲಿ ಮೊಟ್ಟೆಯು ಸೊಳ್ಳೆಯಾಗಲು ವಾರದಿಂದ ಹತ್ತು ದಿನ ಹಿಡಿದರೆ, ಚಳಿಯಲ್ಲಿ ಕೆಲವು ದಿನ ಹೆಚ್ಚು ಹಿಡಿಯುತ್ತದೆ, ವ್ಯತ್ಯಾಸವು ಅಷ್ಟೇ.

ಕ್ಯೂಲೆಕ್ಸ್ ಕ್ವಿಂಕ್ವಿಫ್ಯಾಸಿಯೇಟಸ್ ಎಂಬ ನಮ್ಮ ಮನೆಸೊಳ್ಳೆಗಂತೂ ಮಳೆ ನಿಂತ ಮೇಲೆಯೇ ಸುಗ್ಗಿ. ಜೋರು ಮಳೆಯು ಚರಂಡಿಗಳನ್ನು ತೊಳೆದು ಮರಿಹುಳುಗಳನ್ನು ಕೊಚ್ಚಿಕೊಂಡು ಹೋಗುತ್ತದೆ. ಮಳೆ ನಿಂತೊಡನೆ ಬಚ್ಚಲಿನ ನೀರು ಹರಿಯದೆ ಮಡುಗಟ್ಟುತ್ತದೆ; ಕೊಳೆತ ಪದಾರ್ಥಗಳಿಂದ ಗಟ್ಟಿಯಾಗುತ್ತದೆ. ಆ ಕೊಳಕಿನಲ್ಲಿರುವ ಸೂಕ್ಷ್ಮಜೀವಿಗಳೇ ಮರಿಹುಳುವಿಗೆ ಆಹಾರ. ಹೆಣ್ಣುಸೊಳ್ಳೆಯು ನೀರಿನ ಮೇಲೆ 100ರಿಂದ 300 ಮೊಟ್ಟೆಗಳನ್ನು ಒತ್ತಾಗಿ ಜೋಡಿಸಿ ಪುಟ್ಟ ತೆಪ್ಪದಂತೆ ತೇಲಿಬಿಡುತ್ತದೆ. ಅವುಗಳಿಂದ ಹೊರಬಂದ ಮರಿಹುಳು ತಲೆಕೆಳಗಾಗಿ ತೂಗಾಡುತ್ತ, ಬಾಲದ ಬಳಿಯ ನಳಿಕೆಯನ್ನು ನೀರಿನ ಮೇಲಕ್ಕೆ ಚಾಚಿ ಉಸಿರಾಡುತ್ತದೆ. ಶತ್ರುವಿನ ಈ ದೌರ್ಬಲ್ಯವನ್ನು ವಾಚಕರು ನೆನಪಿನಲ್ಲಿಡಬೇಕು.

ಈ ಸೊಳ್ಳೆಯ ಕಾಟವು ನಿದ್ರಾಭಂಗಕ್ಕೆ ಮುಗಿಯುವಂತಿದ್ದರೆ ನಾವು ಇಷ್ಟು ಬರೆಯಬೇಕಾಗಿರಲಿಲ್ಲ. ಇದು ಆನೆಕಾಲು ರೋಗದ ವಾಹಕ. ಆ ರೋಗಕ್ಕೆ ಕಾರಣವಾದ ಫೈಲೇರಿಯಾ ಹುಳು ಮನುಷ್ಯನ ದುಗ್ಧನಾಳಗಳಲ್ಲಿ ವರ್ಷಗಟ್ಟಲೆ ಬದುಕುತ್ತದೆ. ಅದರ ಸೂಕ್ಷ್ಮ ಮರಿಗಳು ಹಗಲಿನಲ್ಲಿ ದೇಹದ ಒಳಭಾಗದಲ್ಲಿದ್ದು, ಸೊಳ್ಳೆ ಕಚ್ಚುವ ನಡುರಾತ್ರಿಯ ವೇಳೆಗೆ ಚರ್ಮದ ಬಳಿಯ ರಕ್ತಕ್ಕೆ ಬರುತ್ತವೆ. ಆದುದರಿಂದಲೇ ಈ ರೋಗದ ರಕ್ತಪರೀಕ್ಷೆಯನ್ನು ರಾತ್ರಿ ನಡೆಸುವ ಪದ್ಧತಿಯುಂಟು. ಈ ಮರಿಗಳು ಸೊಳ್ಳೆಯ ದೇಹದಲ್ಲಿ ಬೆಳೆಯುವುದನ್ನು 1877ರಲ್ಲಿ ಚೀನದ ಅಮೋಯ್ ನಗರದಲ್ಲಿದ್ದ ವೈದ್ಯ ಪ್ಯಾಟ್ರಿಕ್ ಮ್ಯಾನ್ಸನ್ ಕಂಡುಹಿಡಿದರು.

ಕರ್ನಾಟಕದಲ್ಲಿ ಈ ರೋಗವು ಬೇರೂರಿದ ಜಿಲ್ಲೆಗಳಲ್ಲಿ ಯಾದಗಿರಿಯೂ ಒಂದು. ಪುದುಚೇರಿಯ ರೋಗವಾಹಕ ನಿಯಂತ್ರಣ ಸಂಶೋಧನ ಕೇಂದ್ರದ ವಿಜ್ಞಾನಿಗಳು ಈ ಜಿಲ್ಲೆಯ ಜನರ ಸಹಕಾರದಿಂದ ಒಂದು ಮುಖ್ಯ ಪ್ರಯೋಗವನ್ನು ನಡೆಸಿದರು. ಡೈಈಥೈಲ್‌ಕಾರ್ಬಮಜೀನ್, ಆಲ್ಬೆಂಡಜೋಲ್ ಎಂಬ ಎರಡು ಔಷಧಗಳೊಡನೆ ಐವರ್ಮೆಕ್ಟಿನ್ ಎಂಬ ಮೂರನೆಯದನ್ನು ಕೂಡಿಸಿ ಕೊಟ್ಟರೆ ಅದು ಸುರಕ್ಷಿತವೆಂದೂ, ರಕ್ತದಲ್ಲಿನ ಮರಿಗಳನ್ನು ಹೆಚ್ಚು ಚೆನ್ನಾಗಿ ನಾಶಪಡಿಸುವುದೆಂದೂ 2021ರಲ್ಲಿ ಪ್ರಕಟವಾದ ಅವರ ವರದಿ ತಿಳಿಸಿತು.

ಔಷಧವಿರುವಾಗ ಸೊಳ್ಳೆಯ ಚಿಂತೆ ಏಕೆ ಎಂದು ಕೇಳಬಹುದು. ಉತ್ತರವು ಹುಳುವಿನ ಜೀವನಕ್ರಮದಲ್ಲಿಯೇ ಇದೆ. ಮಲೇರಿಯದ ಪರೋಪಜೀವಿಯು ಸೊಳ್ಳೆಯೊಳಗೆ ಸಾವಿರಾರು ಪಾಲು ವೃದ್ಧಿಯಾಗುತ್ತದೆ. ಫೈಲೇರಿಯಾ ಮರಿಯು ಅಲ್ಲಿ ಬೆಳೆಯುವುದೇ ಹೊರತು ಸಂಖ್ಯೆಯಲ್ಲಿ ಹೆಚ್ಚುವುದಿಲ್ಲ. ಒಂದೆರಡು ಕಡಿತಗಳಿಂದ ಈ ರೋಗ ಅಂಟುವುದು ಅಪರೂಪ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಬೀಳುವ ನೂರಾರು ಕಡಿತಗಳು ಅದಕ್ಕೆ ಬೇಕು. ಆದ್ದರಿಂದ ಮನೆಯವರು ತಪ್ಪಿಸಿದ ಒಂದೊಂದು ಕಡಿತವೂ ಲೆಕ್ಕಕ್ಕೆ ಬರುತ್ತದೆ.

ಉಪಾಯಗಳು ಸುಲಭವಾದವು. ಬಚ್ಚಲಿನ ನೀರನ್ನು ಬೀದಿಗೆ ಬಿಡದೆ, ಕಲ್ಲುಜಲ್ಲಿ ತುಂಬಿ ಮೇಲೆ ಮುಚ್ಚಿದ ಇಂಗುಗುಂಡಿಗೆ ಹರಿಸಬೇಕು. ಚರಂಡಿಯ ಕಸವನ್ನು ವಾರಕ್ಕೊಮ್ಮೆ ತೆಗೆದು ನೀರು ಹರಿಯುವಂತೆ ಮಾಡಬೇಕು. ಸೊಳ್ಳೆಯಾಗುವ ಮೊದಲೇ ಮರಿಹುಳು ಕೊಚ್ಚಿಹೋಗುತ್ತದೆ. ಶೌಚದ ಗುಂಡಿಯ ಗಾಳಿಕೊಳವೆಗೆ ಸಣ್ಣ ಕಣ್ಣಿನ ಬಲೆಯನ್ನು ಕಟ್ಟಬೇಕು. ಮುಚ್ಚಿದ ಗುಂಡಿಗಳ ನೀರಿನ ಮೇಲೆ ಥರ್ಮೋಕೋಲ್ ಮಣಿಗಳ ದಪ್ಪ ಪದರವನ್ನು ತೇಲಿಸಿದರೆ ಮರಿಹುಳುವಿನ ನಳಿಕೆಗೆ ಗಾಳಿ ದೊರೆಯುವುದಿಲ್ಲ. ಆಫ್ರಿಕದ ಜಾಂಜಿಬಾರ್ ದ್ವೀಪದ ಮಕುಂಡುಚಿ ಎಂಬಲ್ಲಿ 1980ರ ದಶಕದ ಕೊನೆಯಲ್ಲಿ ಔಷಧದ ಜೊತೆಗೆ ಈ ಉಪಾಯವನ್ನೂ ಬಳಸಿ ರೋಗವನ್ನು ಬಹುಮಟ್ಟಿಗೆ ತಗ್ಗಿಸಿದರು. ತೆರೆದ ಚರಂಡಿಗೆ ಮಾತ್ರ ಇದು ಸಲ್ಲದು. ಮಣಿಗಳು ಹರಿದುಹೋಗಿ ಹೊಲಗದ್ದೆಗಳನ್ನು ಕೆಡಿಸುತ್ತವೆ.

ನಾರಾಯಣಪುರದ ಬಸವಸಾಗರ ಜಲಾಶಯದಿಂದ ಕಾಲುವೆಯ ನೀರು ಪಡೆಯುವ ಈ ಸೀಮೆಯಲ್ಲಿ ತಿಳಿನೀರನ್ನೂ ಮರೆಯಬಾರದು. ಕಾಲುವೆಯ ಬದಿಯಲ್ಲಿ ಜಿನುಗಿ ನಿಂತ ಸ್ವಚ್ಛ ನೀರಿನಲ್ಲಿ ಮಲೇರಿಯದ ಅನಾಫಿಲಿಸ್ ಸೊಳ್ಳೆಯೂ, ಮುಚ್ಚದ ಹರವಿ ತೊಟ್ಟಿಗಳಲ್ಲಿ ಡೆಂಗಿ ಜ್ವರದ ಈಡಿಸ್ ಸೊಳ್ಳೆಯೂ ಹುಟ್ಟುತ್ತವೆ. ತೊಟ್ಟಿಯನ್ನು ವಾರಕ್ಕೊಮ್ಮೆ ಬರಿದುಮಾಡಿ, ಉಜ್ಜಿ, ಒಣಗಿಸಿ, ಬಳಿಕ ತುಂಬಿ ಮುಚ್ಚಬೇಕು.

ಚಳಿಯ ಇರುಳಿನಲ್ಲಿ ಸೊಳ್ಳೆಯೂ ನಮ್ಮಂತೆಯೇ ಬೆಚ್ಚನೆಯ ಒಳಮನೆಯನ್ನು ಅರಸುತ್ತದೆ. ಮುಸ್ಸಂಜೆಗೆ ಮುನ್ನವೇ ಕಿಟಕಿಗಳನ್ನು ಮುಚ್ಚಿ, ಸೊಳ್ಳೆಪರದೆಯೊಳಗೆ ಮಲಗುವುದು ಲೇಸು. ಆರೋಗ್ಯ ಕಾರ್ಯಕರ್ತರು ಆನೆಕಾಲು ರೋಗದ ಮಾತ್ರೆಯನ್ನು ಮನೆಗೆ ತಂದಾಗ, ಅದನ್ನು ಪಡೆಯಬಾರದ ಎಳೆಮಕ್ಕಳು, ಗರ್ಭಿಣಿಯರು, ತೀವ್ರ ಕಾಯಿಲೆಯವರು ಹೊರತು ಉಳಿದವರೆಲ್ಲರೂ ಅವರ ಎದುರಿನಲ್ಲಿಯೇ ನುಂಗಬೇಕು. ಊದಿಕೊಂಡು ಗಟ್ಟಿಯಾದ ಕಾಲನ್ನು ಯಾವ ಮಾತ್ರೆಯೂ ಹಿಂದಿನಂತೆ ಮಾಡಲಾರದು. ಊದದಂತೆ ತಡೆಯುವುದು ನಮ್ಮ ಕೈಯಲ್ಲಿದೆ. ವಿದ್ಯಾರ್ಥಿಗಳು ಈ ವಾರವೇ ತಮ್ಮ ಮನೆಯ ಬಚ್ಚಲಿನ ನೀರು ಎಲ್ಲಿ ಹೋಗಿ ನಿಲ್ಲುತ್ತದೆ ಎಂದು ನೋಡಿ ಬರಲಿ.